ನೆಟ್‌ವರ್ಕ್ ಬೂಟ್ ಎಲ್ಲಿ ನಿಂತಿತು, ಪಟ್ಟಿಯಲ್ಲಿ ಯಾರು ಕಾಣೆಯಾದರು

ನಾನು ನೋಡಿಕೊಳ್ಳುವ ಕಂಪ್ಯೂಟರ್‌ಗಳು ಮೊದಲ ಬಾರಿಗೆ ಏಳುವುದು ನೆಟ್‌ವರ್ಕ್ ಮೂಲಕ. ಪಿಎಕ್ಸ್‌ಇ (ನೆಟ್‌ವರ್ಕ್ ಮೂಲಕ ಬೂಟ್ ಮಾಡಿಸುವ ಸೌಲಭ್ಯ) ಒಂದು ಪುಟ್ಟ ಲಿನಕ್ಸನ್ನು ಮೆಮೊರಿಗೆ ಇಳಿಸುತ್ತದೆ, ಆ ಲಿನಕ್ಸ್ ಯಂತ್ರದ ಪ್ರೊಸೆಸರ್, ರ್‍ಯಾಮ್, ಡಿಸ್ಕ್, ಸೀರಿಯಲ್ ನಂಬರ್‌ಗಳನ್ನು ಸರ್ವರ್‌ನಲ್ಲಿರುವ ಯಂತ್ರಗಳ ಪಟ್ಟಿಗೆ ಒಪ್ಪಿಸುತ್ತದೆ. ಕೈಕೊಟ್ಟಾಗ ಪರದೆಯ ಮೇಲೆ ಉಳಿಯುವುದು ಒಂದೇ ಸಾಲು. ಅನೇಕರು ಅದನ್ನು ಓದದೆ ಸರ್ವರ್ ಸೆಟ್ಟಿಂಗ್‌ಗೆ ಕೈಹಾಕುತ್ತಾರೆ. ನನಗೆ ಅರ್ಧ ಉತ್ತರ ಆ ಸಾಲಿನಲ್ಲೇ ಸಿಕ್ಕಿದೆ.

ಆ ಸಾಲಿನಲ್ಲಿ ಒಂದು ದೋಷ ಸಂಖ್ಯೆ ಇರುತ್ತದೆ. ಇ51 ಎಂದರೆ ಯಂತ್ರಗಳಿಗೆ ಜಾಲದ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರವೇ ಬಂದಿಲ್ಲ. ಇ53 ಎಂದರೆ ವಿಳಾಸ ಸಿಕ್ಕಿದೆ, ಬೂಟ್ ಫೈಲಿನ ಹೆಸರು ಸಿಕ್ಕಿಲ್ಲ. ಇ32 ಬಂದರೆ ಹೆಸರೂ ಸಿಕ್ಕಿದೆ, ಆ ಫೈಲನ್ನು ಕಳುಹಿಸಬೇಕಾದ ಟಿಎಫ್‌ಟಿಪಿ ಮಾತ್ರ ಓಗೊಡುತ್ತಿಲ್ಲ.

ನನ್ನನ್ನು ಹೆಚ್ಚು ಸತಾಯಿಸಿದ್ದು ಇ51. ವಿಂಡೋಸ್ ಏರಿದ ಮೇಲೆ ಅದೇ ಯಂತ್ರಕ್ಕೆ ಅದೇ ಕೇಬಲ್‌ನಲ್ಲಿ ವಿಳಾಸ ಸಲೀಸಾಗಿ ಸಿಗುತ್ತಿತ್ತು. ನಡುವೆ ಒಂದು ಸಾದಾ, ಯಾವ ಸೆಟ್ಟಿಂಗೂ ಇಲ್ಲದ ಸ್ವಿಚ್ ಇಟ್ಟು ನೋಡಿದೆ, ಬೂಟ್ ಆಯಿತು. ಅಲ್ಲಿಗೆ ಇದು ಸ್ಪ್ಯಾನಿಂಗ್ ಟ್ರೀಯ (ದತ್ತಾಂಶ ಜಾಲದೊಳಗೇ ಸುತ್ತುವ ಲೂಪ್ ಆಗದಂತೆ ಸ್ವಿಚ್ ಮಾಡುವ ತಪಾಸಣೆ) ಕೆಲಸ ಎಂಬುದು ಖಚಿತವಾಯಿತು. ಹಳೆಯ ಬಗೆಯ ಸ್ಪ್ಯಾನಿಂಗ್ ಟ್ರೀ ಕೇಬಲ್ ಜೀವಂತವಾದ ಮೇಲೂ ಸುಮಾರು 30 ಸೆಕೆಂಡ್ ದತ್ತಾಂಶ ಬಿಡುವುದಿಲ್ಲ. ಅಷ್ಟರಲ್ಲಿ ಪಿಎಕ್ಸ್‌ಇ ಕೇಳಿ ಕೇಳಿ ಸೋತಿರುತ್ತದೆ. ಕಂಪ್ಯೂಟರ್‌ಗಳಿರುವ ಪೋರ್ಟ್‌ಗಳಲ್ಲಿ ಆ ಕಾಯುವಿಕೆಯನ್ನು ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿದೆ. ಬೇರೆ ಸ್ವಿಚ್‌ಗೆ ಹೋಗುವ ಪೋರ್ಟ್‌ಗಳನ್ನು ಮುಟ್ಟಲಿಲ್ಲ, ಅಲ್ಲಿ ಲೂಪ್ ಆದರೆ ಇಡೀ ಜಾಲವೇ ಮಲಗುತ್ತದೆ.

ಇ53ಕ್ಕೆ ಡಿಎಚ್‌ಸಿಪಿಯ 66 ಮತ್ತು 67ನೇ ಆಯ್ಕೆಗಳನ್ನು (ಬೂಟ್ ಸರ್ವರ್ ಮತ್ತು ಬೂಟ್ ಫೈಲಿನ ಹೆಸರು) ತುಂಬಿದರೆ ಸಾಕು. ಆ ಸೌಲಭ್ಯವಿಲ್ಲದ ರೂಟರ್ ಇರುವಲ್ಲಿ ನಾನು ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶವನ್ನು ಪ್ರಾಕ್ಸಿಯಾಗಿ ಓಡಿಸುತ್ತೇನೆ. ಅದು ವಿಳಾಸ ಹಂಚುವುದಿಲ್ಲ, ಬೂಟ್ ಫೈಲ್ ಎಲ್ಲಿದೆ ಎಂದಷ್ಟೇ ಹೇಳುತ್ತದೆ. ಆದರೆ ಒಂದೇ ಫೈಲ್ ಎಲ್ಲರಿಗೂ ಒಗ್ಗುವುದಿಲ್ಲ. ಯಂತ್ರ ತನ್ನ ಬಗೆಯನ್ನು 93ನೇ ಆಯ್ಕೆಯಲ್ಲಿ ಹೇಳಿಕೊಳ್ಳುತ್ತದೆ: 0 ಎಂದರೆ ಹಳೆಯ ಬಯಾಸ್, 7 ಎಂದರೆ 64 ಬಿಟ್ ಯುಇಎಫ್‌ಐ (ಎರಡೂ ಯಂತ್ರವನ್ನು ಎಬ್ಬಿಸುವ ಒಳ ತಂತ್ರಾಂಶಗಳು). ಅದನ್ನು ನೋಡಿಯೇ ಫೈಲ್ ಕೊಡಬೇಕು. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಡಿಜಿಟಲ್ ಸಹಿಯಿಲ್ಲದ ಫೈಲ್ ಇಳಿದರೂ ಓಡುವುದಿಲ್ಲ.

ಇ32ರಲ್ಲಿ ನಾನು ಮೊದಲು ಸಂಶಯಿಸುವುದು ಎರಡು ವಿಲ್ಯಾನ್‌ಗಳ (ಒಂದೇ ಜಾಲದ ಬೇರ್ಪಡಿಸಿದ ಭಾಗಗಳ) ನಡುವಿನ ಫೈರ್‌ವಾಲನ್ನು. ಟಿಎಫ್‌ಟಿಪಿ ಕೋರಿಕೆ ಹೋಗುವುದು 69ನೇ ಪೋರ್ಟ್‌ಗೆ, ಉತ್ತರ ಬರುವುದು ಬೇರೊಂದು ಪೋರ್ಟ್‌ನಿಂದ. 69 ಒಂದನ್ನೇ ತೆರೆದರೆ ಉತ್ತರ ದಾರಿಯಲ್ಲೇ ಸಾಯುತ್ತದೆ. ಸರ್ವರ್‌ನಲ್ಲಿ ಜಾಲದ ಸಂಚಾರ ತೋರಿಸುವ ಟಿಸಿಪಿಡಂಪ್ ಓಡಿಸಿದರೆ, ಉತ್ತರ ಹೊರಟರೂ ಯಂತ್ರದಿಂದ ಮರುಮಾತಿಲ್ಲದಿರುವುದು ಕಣ್ಣಿಗೇ ಕಾಣುತ್ತದೆ.

ಬೂಟ್ ಸರಿಹೋದ ಮೇಲೆ ಪಟ್ಟಿಯ ಗೊಂದಲ ಶುರುವಾಯಿತು. ಕೋಣೆಯಲ್ಲಿದ್ದಷ್ಟು ಯಂತ್ರಗಳು ಪಟ್ಟಿಯಲ್ಲಿ ಇರಲಿಲ್ಲ. ಕೆಲವು ಮದರ್‌ಬೋರ್ಡ್‌ಗಳಲ್ಲಿ ತಯಾರಕರು ಯುಯುಐಡಿಯನ್ನು (ಪ್ರತಿ ಯಂತ್ರಕ್ಕೂ ಬೇರೆಯಾಗಿರಬೇಕಾದ ಗುರುತು ಸಂಖ್ಯೆ) ಬರೆದೇ ಇರುವುದಿಲ್ಲ. 03000200ರಿಂದ ಆರಂಭವಾಗುವ ಒಂದೇ ಸಂಖ್ಯೆ ಎಲ್ಲದರಲ್ಲೂ ಇರುತ್ತದೆ, ಸೀರಿಯಲ್ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಒಇಎಂ’ ಎಂದಿರುತ್ತದೆ. ಸರ್ವರ್ ಅವನ್ನೆಲ್ಲ ಒಂದೇ ಯಂತ್ರ ಎಂದುಕೊಂಡು, ಹೊಸದು ನೋಂದಣಿಯಾದಾಗಲೆಲ್ಲ ಹಳೆಯದರ ವಿವರ ಅಳಿಸಿಹೋಗುತ್ತಿತ್ತು. ತೆಳು ಲ್ಯಾಪ್‌ಟಾಪ್‌ಗಳದು ಇನ್ನೊಂದು ಕಥೆ: ಒಂದೇ ಯುಎಸ್‌ಬಿ ಈಥರ್ನೆಟ್ ಅಡಾಪ್ಟರನ್ನು ಸರದಿಯಲ್ಲಿ ಚುಚ್ಚಿದ್ದರಿಂದ ಎಲ್ಲವೂ ಒಂದೇ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಹೆಸರಿನಲ್ಲಿ ಸೇರಿದ್ದವು.

ಈಗ ಅಡಾಪ್ಟರ್‌ಗಳ ಮ್ಯಾಕ್ ವಿಳಾಸಗಳನ್ನು ಗುರುತಿನ ಲೆಕ್ಕದಿಂದಲೇ ತೆಗೆದಿದ್ದೇನೆ. ಲ್ಯಾಪ್‌ಟಾಪ್‌ಗಳಿಗೆ ಸೀರಿಯಲ್ ನಂಬರ್, ಡೆಸ್ಕ್‌ಟಾಪ್‌ಗಳಿಗೆ ಒಳಗಿನ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ. ಆಮೇಲೆ ಸ್ವಿಚ್ ಕಂಡ ವಿಳಾಸಗಳಿರುವ ಮ್ಯಾಕ್ ಕೋಷ್ಟಕವನ್ನು ಪಟ್ಟಿಯೊಡನೆ ಹೋಲಿಸುತ್ತೇನೆ. ಪಟ್ಟಿಗೆ ಸೇರದೆ ಉಳಿಯುವುದು ಹೆಚ್ಚಾಗಿ ಪ್ರಿಂಟರ್‌ಗಳು.