ಟ್ರ್ಯಾಕ್ಟರ್ ಎಂಜಿನ್ ಕಟಕಟ ಅಂದರೆ ಬಿಚ್ಚುವ ಮೊದಲು ಹೀಗೆ ನೋಡಿ

ಕೋಲಾರದ ಕಡೆ ಟ್ರ್ಯಾಕ್ಟರ್ ಎಂಜಿನ್ ಸ್ವಲ್ಪ ಜೋರಾಗಿ ಕಟಕಟ ಅಂದರೆ ಸಾಕು, "ಬೇರಿಂಗ್ ಹೋಗಿದೆ ಅಣ್ಣ, ಎಂಜಿನ್ ಇಳಿಸಲೇಬೇಕು" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಟೊಮೆಟೊ ಸೀಸನ್ ಮಧ್ಯೆ ಎಂಜಿನ್ ಬಿಚ್ಚಿ ಕೂತರೆ ಕೆಲಸವೂ ನಿಲ್ಲುತ್ತದೆ, ದುಡ್ಡೂ ಹೋಗುತ್ತದೆ. ಎಷ್ಟೋ ಸಲ ಆ ಸದ್ದು ಬರುವುದು ಡೀಸೆಲ್ ಉರಿಯುವ ರೀತಿಯಿಂದ, ಒಳಗಿನ ಭಾಗ ಸವೆದು ಅಲ್ಲ. ಯಾವುದು ಅಂತ ಮನೆ ಮುಂದೆಯೇ ನೋಡಬಹುದು.

ಮೊದಲೇ ಹೇಳಿಬಿಡುತ್ತೇನೆ, ಇದು ಹಳೇ ಮಾದರಿ ಪಂಪ್ ಇರುವ ಎಂಜಿನ್‌ಗೆ ಮಾತ್ರ. ಕಾಮನ್ ರೈಲ್ ಗಾಡಿಯಲ್ಲಿ, ಅಂದರೆ ಎಲ್ಲ ಸಿಲಿಂಡರಿಗೂ ಒಂದೇ ಹೆಚ್ಚೊತ್ತಡದ ಪೈಪಿನಿಂದ ಡೀಸೆಲ್ ಹೋಗುವ ಕಂಪ್ಯೂಟರ್ ಗಾಡಿಯಲ್ಲಿ, ಎಂಜಿನ್ ಓಡುವಾಗ ಡೀಸೆಲ್ ಪೈಪಿನ ನಟ್ ಮುಟ್ಟಲೇಬೇಡಿ. ಅದರಲ್ಲಿ ಸಾವಿರ ಬಾರ್ (ಹೊರಗಿನ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು) ದಾಟುವ ಒತ್ತಡ ಬರುತ್ತದೆ, ಕೂದಲೆಳೆಯಷ್ಟು ಚಿಮ್ಮಿದರೂ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅಂಥ ಗಾಡಿಯನ್ನು ಎಂಜಿನ್ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರ ಹತ್ತಿರ ತೋರಿಸಿ.

ಸದ್ದು ಯಾಕೆ ಬರುತ್ತದೆ ಅಂದರೆ, ಸಿಲಿಂಡರಿನಲ್ಲಿ ಗಾಳಿ 30 ಬಾರ್‌ಗಿಂತ ಜಾಸ್ತಿ ಒತ್ತಡಕ್ಕೆ ಹೋಗಿ 500 ಡಿಗ್ರಿ ದಾಟಿ ಕಾದಿರುತ್ತದೆ, ಆಗ ನಾಜಲ್ (ಸಿಲಿಂಡರಿನ ಮೇಲಿರುವ ಇಂಜೆಕ್ಟರ್) ಡೀಸೆಲ್ ಸಿಂಪಡಿಸುತ್ತದೆ, ಆದರೆ ಅದು ಆ ಕ್ಷಣವೇ ಹತ್ತಿಕೊಳ್ಳುವುದಿಲ್ಲ. ಸುಮಾರು ಒಂದು ಮಿಲಿಸೆಕೆಂಡ್ ತಡವಾಗುತ್ತದೆ. ಅಷ್ಟರಲ್ಲಿ ಬಿದ್ದ ಡೀಸೆಲ್ ಎಲ್ಲ ಒಟ್ಟಿಗೆ ಹತ್ತಿಕೊಂಡರೆ ಒತ್ತಡ ಒಂದೇ ಏಟಿಗೆ ಏರುತ್ತದೆ. ಗ್ಯಾಸ್ ತಿರುಗಿಸಿ ಲೈಟರ್ ತಡವಾಗಿ ಒತ್ತಿದರೆ ಒಲೆ ಭಗ್ ಅನ್ನುತ್ತದಲ್ವಾ, ಹಾಗೆ. ಸದ್ದು ಒತ್ತಡ ಎಷ್ಟಿದೆ ಅನ್ನುವುದಕ್ಕಿಂತ ಅದು ಎಷ್ಟು ಬೇಗ ಏರಿತು ಅನ್ನುವುದರ ಮೇಲೆ ನಿಂತಿದೆ.

ಎಂಜಿನ್ ತಣ್ಣಗಿದ್ದರೆ ಹತ್ತಿಕೊಳ್ಳುವುದು ಇನ್ನೂ ತಡ, ಅದಕ್ಕೇ ಡಿಸೆಂಬರ್ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಜಾಸ್ತಿ. ಕಾಲು ಗಂಟೆ ಓಡಿಸಿ ಬಿಸಿ ಮಾಡಿ ಕೇಳಿ. ಬಿಸಿಯಾದ ಮೇಲೆ ಸದ್ದು ಇಳಿದರೆ ಸುಮ್ನೆ ಬಿಡಿ. ಬಿಸಿಯಾದಷ್ಟೂ, ಆಯಿಲ್ ತೆಳ್ಳಗಾದಷ್ಟೂ ಸದ್ದು ಏರಿದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಡೀಸೆಲ್ ಎಲ್ಲಿ ಹಾಕಿಸಿದಿರಿ ಅಂತಲೂ ನೆನಪು ಮಾಡಿಕೊಳ್ಳಿ. ಈಗ ಬಂಕಿನಲ್ಲಿ ಸಿಗುವ ಬಿಎಸ್-6 ಡೀಸೆಲ್‌ಗೆ ಸೀಟೇನ್ ಸಂಖ್ಯೆ (ಜಾಸ್ತಿ ಇದ್ದಷ್ಟೂ ಬೇಗ ಹತ್ತಿಕೊಳ್ಳುತ್ತದೆ) ಕನಿಷ್ಠ 51 ಇರಬೇಕು. ಸೀಮೆಎಣ್ಣೆ ಬೆರೆತಿದ್ದರೆ ಹತ್ತಿಕೊಳ್ಳಲು ಇನ್ನೂ ತಡ, ಸದ್ದೂ ಜಾಸ್ತಿ.

ಇನ್ನು ಮುಖ್ಯವಾದ ಪರೀಕ್ಷೆ. ಎಂಜಿನ್ ಐಡ್ಲಿಂಗಿನಲ್ಲಿರಲಿ. ಕಣ್ಣಿಗೆ ಕನ್ನಡಕ ಹಾಕಿ, ನಾಜಲ್ ಮೇಲಿನ ಪೈಪಿನ ನಟ್‌ಗೆ ದಪ್ಪ ಬಟ್ಟೆ ಸುತ್ತಿ, ಪಾನದಿಂದ (ಸ್ಪ್ಯಾನರ್) ಅರ್ಧ ಸುತ್ತು ಸಡಿಲಿಸಿ, ಬೆರಳು ಅಡ್ಡ ಇಡಬೇಡಿ. ಆ ಸಿಲಿಂಡರಿಗೆ ಡೀಸೆಲ್ ನಿಂತುಹೋಗುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತು (ಆರ್‌ಪಿಎಂ) ತಿರುಗುವಾಗ ಒಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಉರಿಯುತ್ತದೆ, ಹಾಗಾಗಿ ಒಂದೇ ಸಿಲಿಂಡರಿನ ಕಟಕಟ ಕಿವಿಗೆ ಬೇರೆಯಾಗಿಯೇ ಕೇಳುತ್ತದೆ, ಅದು ನಿಂತದ್ದೂ ತಿಳಿಯುತ್ತದೆ. ನಟ್ ಬಿಗಿ ಮಾಡಿ, ಮುಂದಿನದ್ದಕ್ಕೆ ಹೋಗಿ. ಸಡಿಲಿಸಿದಾಗ ಎಂಜಿನ್ ವೇಗ ಇಳಿಯಬೇಕು. ಇಳಿಯಲೇ ಇಲ್ಲ ಅಂದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಎಂಜಿನ್ ಅಲುಗಾಡುವುದಕ್ಕೂ ಅದೇ ಕಾರಣ ಇರಬಹುದು, ಕಂಪ್ರೆಶನ್ (ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ) ನೋಡಿಸಿ. ಯಾವ ನಟ್ ಸಡಿಲಿಸಿದರೂ ಬದಲಾಗದ ಸಣ್ಣ ಟಿಕ್‌ಟಿಕ್ ಮೇಲಿನ ಕವರಿನಿಂದ ಬರುತ್ತಿದ್ದರೆ ಅದು ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಭಾಗದ ಸದ್ದು. ಸ್ಕ್ರೂಡ್ರೈವರ್ ತುದಿ ಕವರಿಗೆ ಒತ್ತಿ, ಹಿಡಿ ಕಿವಿಗೆ ಇಟ್ಟರೆ ಖಾತ್ರಿಯಾಗುತ್ತದೆ.

ಸದ್ದು ನಿಂತ ಸಿಲಿಂಡರ್ ಸಿಕ್ಕಿತು ಅಂತ ನಾಜಲ್ಲೇ ಕೆಟ್ಟಿದೆ ಅನ್ನಬೇಡಿ. ಬಹಳ ಜನ ಇಲ್ಲೇ ಎಡವುತ್ತಾರೆ. ಡೀಸೆಲ್ ನಿಲ್ಲಿಸಿದರೆ ಸವೆದ ರಾಡ್ ಬೇರಿಂಗ್ (ಪಿಸ್ಟನ್ ರಾಡಿನ ಬುಡದ ಬೇರಿಂಗ್) ಮೇಲಿನ ಏಟೂ ಕಡಿಮೆಯಾಗುತ್ತದೆ, ಅದರ ಸದ್ದೂ ತಗ್ಗುತ್ತದೆ. ಎಂಜಿನ್ ಆಫ್ ಮಾಡಿ, ಆ ನಾಜಲ್ ತೆಗೆದು ಪಕ್ಕದ ಸಿಲಿಂಡರಿಗೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ತನ್ನಿ. ತಾಮ್ರದ ವಾಷರ್ ಹೊಸದೇ ಹಾಕಿ, ಕೂರುವ ಜಾಗದ ಮಸಿ ಒರೆಸಿ, ಡೀಸೆಲ್ ಪೈಪಿನಲ್ಲಿ ಸೇರಿದ ಏರ್ ತೆಗೆದು ಸ್ಟಾರ್ಟ್ ಮಾಡಿ. ಸದ್ದು ನಾಜಲ್ ಜೊತೆ ಪಕ್ಕಕ್ಕೆ ಹೋಯಿತಾ? ನಾಜಲ್ ತೊಟ್ಟಿಕ್ಕುತ್ತಿದೆ ಅಥವಾ ಸ್ಪ್ರೇ ಕೆಟ್ಟಿದೆ. ಪಂಪ್ ಅಂಗಡಿಯಲ್ಲಿ ಒತ್ತಡ ಸೆಟ್ ಮಾಡಿಸಿ, ಇಲ್ಲವೇ ಹೊಸದು ಹಾಕಿಸಿ.

ಎಲ್ಲ ಸಿಲಿಂಡರ್ ಒಂದೇ ಸಮ ಗಡಸಾಗಿ ಬಡಿಯುತ್ತಿದ್ದರೆ, ಅದರಲ್ಲೂ ಪಂಪ್ ಬಿಚ್ಚಿ ಕೂರಿಸಿದ ಮೇಲೆ ಶುರುವಾಗಿದ್ದರೆ, ಟೈಮಿಂಗ್, ಅಂದರೆ ಡೀಸೆಲ್ ಸಿಂಪಡಿಸುವ ಸಮಯ, ಮುಂದಾಗಿದೆ. ಗಾಳಿ ಸಾಕಷ್ಟು ಕಾಯುವ ಮೊದಲೇ ಡೀಸೆಲ್ ಬೀಳುತ್ತಿದೆ. ತೀರಾ ಹಿಂದಾದರೆ ಸದ್ದು ಮೆತ್ತಗಾಗಿ ಬಿಳಿ ಹೊಗೆ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ. ಕಿವಿ ನಂಬಿ ಪಂಪ್ ತಿರುಗಿಸಬೇಡಿ, ಈಗಿರುವ ಜಾಗಕ್ಕೆ ಗುರುತು ಗೀರಿ, ಕಂಪನಿ ಹೇಳಿದ ಡಿಗ್ರಿಗೇ ಇಡಿಸಿ.

ನಾಜಲ್ ಅದಲುಬದಲು ಮಾಡಿದರೂ ಸದ್ದು ಅದೇ ಸಿಲಿಂಡರಿನಲ್ಲಿ ಉಳಿಯಿತು ಅಂದರೆ ಬೇರಿಂಗ್ ಮೇಲೆ ಅನುಮಾನ, ಆಯಿಲ್ ಪ್ರೆಶರ್ ಮೀಟರ್ ಇಳಿದಿದೆಯಾ ನೋಡಿ. ಆಮೇಲೆ ಆಯಿಲನ್ನು ಬಿಳಿ ಬಟ್ಟೆಯ ಮೂಲಕ ಸೋಸಿ. ಬಟ್ಟೆ ಮೇಲೆ ಲೋಹದ ಪುಡಿ ಹೊಳೆದರೆ ಗಾಡಿಯಲ್ಲಿ ಇನ್ನೊಂದು ಸಾಲೂ ಉಳಬೇಡಿ, ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.