ಮಧ್ಯಮ ಗಾತ್ರದ ವೃತ್ತಿಪರ ಚೈನ್‌ಸಾಗಳನ್ನು ಹೋಲಿಸಿ ನೋಡುವ ಬಗೆ

ಬೇರೆ ಬೇರೆ ಕಂಪನಿಗಳ ಎರಡು ಚೈನ್‌ಸಾಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ದಿಮ್ಮಿಯಲ್ಲಿ ಒಂದೊಂದು ಕೊಯ್ತ ಕೊಯ್ದು, ಇದೇ ಚುರುಕು ಎಂದು ತೀರ್ಮಾನ ಕೊಡುವವರು ಹೆಚ್ಚಿನ ಸಲ ಯಂತ್ರಗಳನ್ನಲ್ಲ, ಅವುಗಳ ಬಾರಿನ (ಚೈನು ಸುತ್ತಿ ಓಡುವ ಉದ್ದನೆಯ ಲೋಹದ ಪಟ್ಟಿ) ಮೇಲಿರುವ ಚೈನುಗಳನ್ನು ಹೋಲಿಸಿರುತ್ತಾರೆ. ನಾನೂ ಒಮ್ಮೆ ಹೀಗೆ ಮಾಡಿ, ನಿಧಾನ ಎಂದು ಪಕ್ಕಕ್ಕಿಟ್ಟ ಗರಗಸದ ಚೈನನ್ನು ಮರುದಿನ ಅರ ಹಾಕಿ ಹರಿತ ಮಾಡಿದ ಮೇಲೆ ಅದೇ ಮುಂದೆ ಬಂದದ್ದನ್ನು ಕಂಡಿದ್ದೇನೆ. ಆದ್ದರಿಂದ ಯಂತ್ರದ ಗುಣವನ್ನು ಅಳೆಯಬೇಕಾದರೆ, ಯಂತ್ರವನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮೊದಲು ಸಮ ಮಾಡಿಕೊಳ್ಳಬೇಕು.

ಮಧ್ಯಮ ಗಾತ್ರ ಎಂದರೆ ಸಾಮಾನ್ಯವಾಗಿ 50ರಿಂದ 60 ಸಿಸಿ ಎಂಜಿನ್ನಿನ ಗರಗಸಗಳು. ಈ ವರ್ಗದಲ್ಲಿ ಹೆಚ್ಚು ಹೋಲಿಕೆಗೆ ಬರುವವು ಸ್ಟಿಲ್ ಕಂಪನಿಯ ಎಂಎಸ್ 261 ಸಿ-ಎಂ, ಹಸ್ಕ್‌ವಾರ್ನಾದ 550 ಎಕ್ಸ್‌ಪಿ ಮಾರ್ಕ್ 2 ಮತ್ತು ಎಕೋದ ಸಿಎಸ್-501ಪಿ. ಮೂರರ ಎಂಜಿನ್ನೂ 50 ಸಿಸಿಯ ಆಸುಪಾಸಿನದು. ಆದರೆ ಸಿಸಿ ಒಂದೇ ಆದ ಮಾತ್ರಕ್ಕೆ ಗರಗಸ ವೃತ್ತಿಪರ ದರ್ಜೆಯದಾಗುವುದಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ: ಸ್ಟಿಲ್ ಎಂಎಸ್ 271 ಮತ್ತು ಎಂಎಸ್ 261 ಎರಡೂ 50.2 ಸಿಸಿ, ಮೊದಲನೆಯದು 5.6 ಕಿಲೋ ತೂಗಿ 2.6 ಕಿಲೋವ್ಯಾಟ್ ಕೊಡುತ್ತದೆ, ಎರಡನೆಯದು 4.9 ಕಿಲೋ ತೂಗಿ 3.0 ಕಿಲೋವ್ಯಾಟ್ ಕೊಡುತ್ತದೆ. ವೃತ್ತಿಪರ ಗರಗಸದ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ತಿರುಗುವ ದಂಡವನ್ನು ಹೊತ್ತ ಕವಚ) ಮೆಗ್ನೀಸಿಯಂ ಎರಕದ್ದು; ಅದು ಎಡ ಮತ್ತು ಬಲ ಎಂಬ ಎರಡು ಹೋಳುಗಳಾಗಿ ಬಿಚ್ಚಿಕೊಳ್ಳುತ್ತದೆ, ಸಿಲಿಂಡರನ್ನು ಬೋಲ್ಟು ತೆಗೆದು ಬೇರೆಯಾಗಿಯೇ ಹೊರಗೆ ಎತ್ತಬಹುದು. ಕಡಿಮೆ ದರ್ಜೆಯ ಅನೇಕ ಗರಗಸಗಳಲ್ಲಿ ಎಂಜಿನ್ನನ್ನು ಪ್ಲಾಸ್ಟಿಕ್ ಚಾಸಿಯೊಳಗೆ ಕೂರಿಸಿರುತ್ತಾರೆ. ಪಿಸ್ಟನ್ ನೋಡಬೇಕೆಂದರೂ ಇಡೀ ಎಂಜಿನ್ನನ್ನು ಹೊರಗೆಳೆಯಬೇಕಾಗುತ್ತದೆ. ಹೋಲಿಕೆಗೆ ಕೂರುವ ಮುನ್ನ ಎರಡೂ ಗರಗಸಗಳು ಒಂದೇ ದರ್ಜೆಯವೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಮುಂದಿನದು ತೂಕ. ಕಂಪನಿಗಳು ಹೇಳುವ ತೂಕದಲ್ಲಿ ಪೆಟ್ರೋಲ್, ಬಾರ್ ಎಣ್ಣೆ, ಬಾರ್ ಮತ್ತು ಚೈನ್ ಸೇರಿರುವುದಿಲ್ಲ. ಅರ್ಧ ಲೀಟರಿನಷ್ಟು ಪೆಟ್ರೋಲು, ಕಾಲು ಲೀಟರಿನಷ್ಟು ಎಣ್ಣೆ, ಮೇಲೆ 38 ಸೆಂಟಿಮೀಟರ್ ಬಾರು ಮತ್ತು ಚೈನು ಎಲ್ಲ ಸೇರಿದರೆ ಕೈಗೆ ಬರುವ ಭಾರ ಪಟ್ಟಿಯಲ್ಲಿರುವುದಕ್ಕಿಂತ ಒಂದೂವರೆ ಕಿಲೋದಷ್ಟು ಹೆಚ್ಚಾಗಿರುತ್ತದೆ. ಹೀಗಾಗಿ ಎರಡನ್ನೂ ಕೆಲಸಕ್ಕೆ ಸಿದ್ಧವಾದ ಸ್ಥಿತಿಯಲ್ಲಿ ನೀವೇ ತೂಗಿ ನೋಡುವುದು ಒಳ್ಳೆಯದು. 550 ಎಕ್ಸ್‌ಪಿ ಮಾರ್ಕ್ 2ರ ಘೋಷಿತ ತೂಕ 5.3 ಕಿಲೋ, ಅಂದರೆ 261ಕ್ಕಿಂತ 400 ಗ್ರಾಂ ಹೆಚ್ಚು. ಶಕ್ತಿ ಇದರದ್ದೂ 3.0 ಕಿಲೋವ್ಯಾಟ್. ಕಾಗದದ ಮೇಲೆ 261 ಮುಂದಿದೆ. ಆದರೆ ಭಾರ ಎಷ್ಟು ಎನ್ನುವಷ್ಟೇ ಮುಖ್ಯವಾದದ್ದು ಭಾರ ಎಲ್ಲಿ ಕೂತಿದೆ ಎನ್ನುವುದು. ಮುಂದಿನ ಹಿಡಿಕೆಯನ್ನು ಒಂದೇ ಕೈಯಲ್ಲಿ ಹಿಡಿದು, ಎಂಜಿನ್ ಬಂದ್ ಮಾಡಿದ ಗರಗಸವನ್ನು ನೇತುಬಿಡಿ: ಬಾರಿನ ಮೂತಿ ಸ್ವಲ್ಪವೇ ಕೆಳಗೆ ಬಾಗಿ ನಿಂತರೆ ಸಮತೋಲ ಸರಿಯಿದೆ, ಮೂತಿ ನೆಲದ ಕಡೆಗೆ ಧುಮುಕಿದರೆ ಕೊಂಬೆ ಸವರುವಾಗ ಪ್ರತಿ ಸಲವೂ ಅದನ್ನು ಮಣಿಕಟ್ಟಿನಿಂದಲೇ ಎತ್ತಬೇಕಾಗುತ್ತದೆ. ಈ ಪರೀಕ್ಷೆಯನ್ನು ನೀವು ನಿಜವಾಗಿ ಬಳಸುವ ಉದ್ದದ ಬಾರನ್ನು ಹಾಕಿಯೇ ಮಾಡಬೇಕು.

ಇನ್ನು ಕೊಯ್ಲಿನ ಪರೀಕ್ಷೆ. ಇಲ್ಲಿ ಸಮಯ ಕೊಟ್ಟಷ್ಟೂ ಫಲವಿದೆ. ಮೊದಲು ಎರಡೂ ಗರಗಸಗಳ ಪಿಚ್ (ಚೈನಿನ ಪಕ್ಕಪಕ್ಕದ ರಿವೆಟ್ಟುಗಳ ಸರಾಸರಿ ಅಂತರ), ಗೇಜ್ (ಬಾರಿನ ತೋಡಿನೊಳಗೆ ಕೂರುವ ಕೊಂಡಿಯ ದಪ್ಪ) ಮತ್ತು ಚೈನನ್ನು ಎಳೆಯುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟಿನ ಹಲ್ಲುಗಳ ಸಂಖ್ಯೆಯನ್ನು ಸಮ ಮಾಡಿಕೊಳ್ಳಿ. ಈ ವರ್ಗದಲ್ಲಿ .325 ಇಂಚು ಪಿಚ್ ಸಾಮಾನ್ಯ. ಗೇಜ್ ಮಾತ್ರ 1.3, 1.5, 1.6 ಮಿಲಿಮೀಟರ್ ಎಂದು ಕಂಪನಿಗೊಂದು, ಮಾದರಿಗೊಂದು ಇರುತ್ತದೆ. ತೆಳು ಚೈನು ಕಿರಿದಾದ ಸೀಳನ್ನು ತೆಗೆಯುವಂಥದ್ದಾಗಿದ್ದರೆ ಅದಕ್ಕೆ ಕೆತ್ತಬೇಕಾದ ಮರ ಕಡಿಮೆ, ಆದ್ದರಿಂದ ಅದನ್ನು ಹಾಕಿಕೊಂಡ ಗರಗಸ ತನ್ನ ಎಂಜಿನ್ನಿನ ಬಲವಿಲ್ಲದೆಯೂ ಬೇಗ ಇಳಿಯುತ್ತದೆ. ಒಂದು ಕಂಪನಿಯ ಬಾರು ಇನ್ನೊಂದರ ಬೋಲ್ಟುಗಳಿಗೆ ಕೂರುವುದಿಲ್ಲವಾದ್ದರಿಂದ, ಎರಡೂ ಬಗೆಯ ಬುಡಕ್ಕೆ ಬಾರು ಮಾಡುವ ಮೂರನೆಯ ಕಂಪನಿಯೊಂದರಿಂದ ಒಂದೇ ಉದ್ದದ, ಒಂದೇ ಗೇಜಿನ ಎರಡು ಬಾರುಗಳನ್ನು ತೆಗೆದುಕೊಂಡು, ಒಂದೇ ರೀಲಿನಿಂದ ಎರಡು ಚೈನುಗಳನ್ನು ಕತ್ತರಿಸಿ ಜೋಡಿಸಿಕೊಳ್ಳಬೇಕು. ಡ್ರೈವ್ ಲಿಂಕುಗಳ (ಬಾರಿನ ತೋಡಿನೊಳಗೆ ಓಡುವ ಕೊಂಡಿಗಳು) ಎಣಿಕೆ ಒಂದರಲ್ಲಿ 66, ಇನ್ನೊಂದರಲ್ಲಿ 67 ಎಂದು ಬರಬಹುದು. ಅದರಿಂದ ಹೋಲಿಕೆಗೆ ಧಕ್ಕೆಯಿಲ್ಲ.

ಸ್ಪ್ರಾಕೆಟ್ಟಿನ ಲೆಕ್ಕವನ್ನು ಬಿಡಿಸಿ ನೋಡುವುದು ಅಗತ್ಯ. ಹಲ್ಲಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಅದನ್ನು ಮತ್ತೆ ಪಿಚ್ಚಿನಿಂದ ಗುಣಿಸಿದರೆ ಒಂದು ಸುತ್ತಿಗೆ ಚೈನು ಓಡುವ ದೂರ ಸಿಗುತ್ತದೆ. .325 ಪಿಚ್, 7 ಹಲ್ಲು ಎಂದಾದರೆ ಸುತ್ತಿಗೆ ಸುಮಾರು 116 ಮಿಲಿಮೀಟರ್. ನಿಮಿಷಕ್ಕೆ 10,000 ಸುತ್ತಿನಲ್ಲಿ ಸೆಕೆಂಡಿಗೆ 19 ಮೀಟರಿಗೆ ತುಸು ಮೇಲೆ. ಅದೇ ಗರಗಸಕ್ಕೆ 8 ಹಲ್ಲಿನ ಸ್ಪ್ರಾಕೆಟ್ ಹಾಕಿದರೆ 22 ಮೀಟರ್ ಆಗುತ್ತದೆ, ಆದರೆ ಚೈನನ್ನು ಎಳೆಯುವ ಬಲ ಎಂಟನೇ ಒಂದು ಭಾಗದಷ್ಟು ಕುಗ್ಗುತ್ತದೆ. ತೆಳ್ಳನೆಯ ಮೆದು ಮರದಲ್ಲಿ ಇದು ಲಾಭ, ಬಾರು ಪೂರ್ತಿ ಮುಳುಗುವ ಗಟ್ಟಿ ಮರದಲ್ಲಿ ನಷ್ಟ. ಒಂದರಲ್ಲಿ 7, ಇನ್ನೊಂದರಲ್ಲಿ 8 ಹಲ್ಲಿದ್ದು ಯಾರೂ ಗಮನಿಸದೆ ನಡೆಸಿದ ಹೋಲಿಕೆಗೆ ಬೆಲೆಯಿಲ್ಲ. ಇಲ್ಲೇ ಹೇಳಬೇಕಾದ ಇನ್ನೊಂದು ಮಾತಿದೆ. ಇಎನ್ ಐಎಸ್‌ಒ 11393 ಮಾನದಂಡದಲ್ಲಿ ಕಾಲಿನ ರಕ್ಷಣಾ ಉಡುಪಿನ 1ನೇ ದರ್ಜೆಯನ್ನು ಸೆಕೆಂಡಿಗೆ 20 ಮೀಟರ್, 2ನೆಯದನ್ನು 24, 3ನೆಯದನ್ನು 28 ಮೀಟರ್ ಚೈನ್ ವೇಗಕ್ಕೆ ಪರೀಕ್ಷಿಸಿರುತ್ತಾರೆ. ಮರಕ್ಕೆ ತಾಗದೆ 14,000 ಸುತ್ತಿನಲ್ಲಿ ಓಡುವ 7 ಹಲ್ಲಿನ ಗರಗಸದ ಚೈನು ಸೆಕೆಂಡಿಗೆ 27 ಮೀಟರ್ ಮುಟ್ಟುತ್ತದೆ. ಈ ಲೆಕ್ಕವನ್ನು ನೋಡಿದ ಮೇಲೆ ನಾನು 1ನೇ ದರ್ಜೆಯ ಪ್ಯಾಂಟಿನಲ್ಲಿ ನಿಶ್ಚಿಂತನಾಗಿ ಕೆಲಸ ಮಾಡಿಲ್ಲ.

ಹೊಸ ಎಂಜಿನ್ನಿನ ಪಿಸ್ಟನ್ ರಿಂಗುಗಳು ಕೂತುಕೊಳ್ಳಲು ಕೆಲವು ಟ್ಯಾಂಕ್ ಪೆಟ್ರೋಲು ಬೇಕು. ಆದ್ದರಿಂದ ಪೆಟ್ಟಿಗೆಯಿಂದ ಆಗಷ್ಟೇ ತೆಗೆದದ್ದನ್ನು ಪಳಗಿದ ಗರಗಸದ ಎದುರು ನಿಲ್ಲಿಸಬೇಡಿ. ಗಂಟಿಲ್ಲದ, ಉದ್ದಕ್ಕೂ ಒಂದೇ ದಪ್ಪವಿರುವ, 30 ಸೆಂಟಿಮೀಟರ್ ಸುತ್ತಮುತ್ತಲ ಅಡ್ಡಳತೆಯ ದಿಮ್ಮಿಯನ್ನು ನೆಲಕ್ಕೆ ತಾಗದಂತೆ ಎತ್ತರದಲ್ಲಿಟ್ಟು, ಅಲುಗಾಡದಂತೆ ಬಿಗಿದು ಕಟ್ಟಿ. ಎರಡಕ್ಕೂ ಒಂದೇ ಡಬ್ಬದ ಮಿಶ್ರಣವನ್ನು, ಲೀಟರಿಗೆ 20 ಮಿಲಿಲೀಟರ್ ಟೂ-ಸ್ಟ್ರೋಕ್ ಎಣ್ಣೆ ಸೇರಿಸಿದ್ದನ್ನು, ತುಂಬಿ. ಒಬ್ಬರೇ ಕೊಯ್ಯಬೇಕು, ಇನ್ನೊಬ್ಬರು ಸಮಯ ನೋಡಬೇಕು. ಗರಗಸಗಳನ್ನು ಒಂದು ಬಿಟ್ಟು ಒಂದರಂತೆ ಬದಲಿಸುತ್ತ, ಎರಡೆರಡು ಬೆರಳು ದಪ್ಪದ ಬಿಲ್ಲೆಗಳನ್ನು ಇಳಿಸುತ್ತಾ ಹೋಗಿ. ಒಂದರಲ್ಲೇ ಆರು ಕೊಯ್ತ ಮುಗಿಸಿ ಆಮೇಲೆ ಇನ್ನೊಂದನ್ನು ಹಿಡಿದರೆ, ಕೊಯ್ಯುವವರ ದಣಿವೂ ದಿಮ್ಮಿಯ ದಪ್ಪದ ವ್ಯತ್ಯಾಸವೂ ಎರಡನೆಯದರ ಲೆಕ್ಕಕ್ಕೇ ಬೀಳುತ್ತವೆ. ಮೊದಲ ಕೊಯ್ತವನ್ನು ಗಣನೆಗೆ ತೆಗೆದುಕೊಳ್ಳದೆ, ಉಳಿದ ಐದರಲ್ಲಿ ನಡುವಿನ ಸಮಯವನ್ನು ಹಿಡಿಯಿರಿ.

ಮೊದಲ ಸುತ್ತಿನಲ್ಲಿ ಗರಗಸವನ್ನು ಒತ್ತಬೇಡಿ. ತನ್ನ ಭಾರದಿಂದಲೇ ಇಳಿಯಲಿ. ಎರಡನೆಯ ಸುತ್ತಿನಲ್ಲಿ ಬಾರಿನ ಬುಡದಲ್ಲಿರುವ ಲೋಹದ ಮುಳ್ಳುಗಳನ್ನು ತೊಗಟೆಗೆ ಊರಿ ಹಿಡಿಕೆಯನ್ನು ನಿಧಾನವಾಗಿ ಮೇಲೆತ್ತುತ್ತ, ಎಂಜಿನ್ನಿನ ಸದ್ದು ಎಲ್ಲಿ ಕುಗ್ಗುತ್ತದೆ ಎಂದು ಕಿವಿಗೊಡಿ. ಎಂಜಿನ್ನುಗಳ ನಿಜವಾದ ಅಂತರ ತೆರೆದುಕೊಳ್ಳುವುದು ಇಲ್ಲಿ. ಒಂದು ಗರಗಸ ಒತ್ತಡ ಹೆಚ್ಚಿದಂತೆ ಸ್ವರ ಇಳಿಸಿಕೊಂಡೂ ಎಳೆಯುತ್ತಲೇ ಇರುತ್ತದೆ. ಇನ್ನೊಂದು ಒಂದು ಹಂತದವರೆಗೆ ಹೆಚ್ಚು ಚುರುಕಾಗಿದ್ದು, ಅದರಾಚೆ ತಟ್ಟನೆ ಕುಸಿದು ಚೈನನ್ನು ನಿಲ್ಲಿಸಿಬಿಡುತ್ತದೆ. ಪಟ್ಟಿಯಲ್ಲಿ ಎರಡೂ 3.0 ಕಿಲೋವ್ಯಾಟೇ ಆಗಿರಬಹುದು, ಏಕೆಂದರೆ ಆ ಅಂಕಿ ಶಕ್ತಿ ಅತಿ ಹೆಚ್ಚಿರುವ ಒಂದೇ ವೇಗದ್ದು. ಕೆಳಗೆ ಬಿದ್ದ ಪುಡಿಯನ್ನೂ ಕೈಗೆತ್ತಿಕೊಂಡು ನೋಡಿ. ಅಗಲವಾದ, ಅಂಚು ಸ್ಪಷ್ಟವಾದ ಚೂರುಗಳು ಬಂದಿದ್ದರೆ ಪರೀಕ್ಷೆ ಸರಿಯಾಗಿದೆ. ಹಿಟ್ಟಿನಂತಹ ಹುಡಿ ಕಂಡರೆ ಚೈನು ಮೊಂಡಾಗಿದೆ, ಅಲ್ಲಿಯವರೆಗಿನ ಸಮಯಗಳನ್ನು ಕೈಬಿಟ್ಟು, .325 ಇಂಚು ಪಿಚ್ಚಿನ ಚೈನಿಗೆ ಹೊಂದುವ 4.8 ಮಿಲಿಮೀಟರಿನ ದುಂಡು ಅರದಿಂದ ಎರಡನ್ನೂ ಹರಿತ ಮಾಡಿ ಮತ್ತೆ ಆರಂಭಿಸಬೇಕು.

ಬಿಸಿ ಎಂಜಿನ್ನಿನ ಪರೀಕ್ಷೆಯನ್ನು ಯಾರೂ ತಪ್ಪಿಸಬಾರದು. ಒಂದು ಟ್ಯಾಂಕ್ ಪೂರ್ತಿ ಕೊಯ್ದು, ಪೆಟ್ರೋಲು ತುಂಬಿ, ಬಿಸಿಲಿನಲ್ಲಿ ಹತ್ತು ನಿಮಿಷ ಬಿಟ್ಟು ಹಗ್ಗ ಎಳೆಯಿರಿ. ಎರಡು ಎಳೆತಕ್ಕೆ ಹತ್ತುವುದಕ್ಕೂ ಹತ್ತು ಎಳೆತಕ್ಕೆ ಹತ್ತುವುದಕ್ಕೂ ಇರುವ ವ್ಯತ್ಯಾಸ ದಿನದ ಕೊನೆಯಲ್ಲಿ ಭುಜಕ್ಕೆ ತಿಳಿಯುತ್ತದೆ. ನಾನು ಹಿಂದೆ ಇಟ್ಟುಕೊಂಡಿದ್ದ ಒಂದು ಗರಗಸ ಕೊಯ್ಲಿನಲ್ಲಿ ಎಲ್ಲರಿಗಿಂತ ಮುಂದಿತ್ತು, ಆದರೆ ಊಟದ ವಿರಾಮದ ನಂತರ ಅದನ್ನು ಶುರು ಮಾಡುವುದೇ ಒಂದು ಕೆಲಸವಾಗಿತ್ತು; ಕೊನೆಗೆ ಅದನ್ನು ಮಾರಿದ್ದು ಈ ಒಂದೇ ಕಾರಣಕ್ಕೆ.

ಕಾರ್ಬ್ಯುರೇಟರಿನ ವಿಷಯದಲ್ಲಿ ಕಂಪನಿಗಳ ದಾರಿ ಬೇರೆಯಾಗುತ್ತದೆ. ಸ್ಟಿಲ್‌ನ ಎಂ-ಟ್ರಾನಿಕ್ ಮತ್ತು ಹಸ್ಕ್‌ವಾರ್ನಾದ ಆಟೋಟ್ಯೂನ್ ಎರಡೂ ಎಂಜಿನ್ನಿನ ವೇಗವನ್ನು ಗಮನಿಸುತ್ತ, ಎತ್ತರ, ಹವೆ ಮತ್ತು ಕೊಳೆಯಾದ ಫಿಲ್ಟರಿಗೆ ತಕ್ಕಂತೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ತಾವಾಗಿಯೇ ಹೊಂದಿಸಿಕೊಳ್ಳುತ್ತವೆ. ಎಕೋದ 501ಪಿ ಸ್ಕ್ರೂ ತಿರುಗಿಸಿ ಹೊಂದಿಸುವ ಸಾಂಪ್ರದಾಯಿಕ ಕಾರ್ಬ್ಯುರೇಟರಿನದು. ಮೊದಲ ಬಗೆಯದು ಸರಿಯಿರುವಷ್ಟು ಕಾಲ ತೊಂದರೆಯೇ ಇಲ್ಲ, ಆದರೆ ಕೆಟ್ಟಾಗ ದೋಷ ಹುಡುಕಲು ಡೀಲರ್ ಬಳಿಯ ಉಪಕರಣ ಬೇಕಾಗಬಹುದು. ಆ ಉಪಕರಣವಿರುವ ಅಂಗಡಿ ಅರ್ಧ ದಿನದ ದಾರಿಯಲ್ಲಿದ್ದರೆ, ನನ್ನ ಮಟ್ಟಿಗೆ ಸ್ಕ್ರೂ ಇರುವ ಗರಗಸವೇ ಲೇಸು.

ಕಂಪನದ ಅಂಕಿಯನ್ನು ಜನ ಹಾರಿಸಿ ಓದುತ್ತಾರೆ. ಯುರೋಪಿಯನ್ ಒಕ್ಕೂಟದ 2002ರ ನಿರ್ದೇಶನದಂತೆ, ಎಂಟು ಗಂಟೆಯ ಸರಾಸರಿಯಲ್ಲಿ ಕೈಗೆ ತಾಗುವ ಕಂಪನ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗವನ್ನು ದಾಟಿದರೆ ಮುನ್ನೆಚ್ಚರಿಕೆ ಕ್ರಮ ಕೈಗೊಳ್ಳಬೇಕು, 5 ಮಿತಿ. ಈ ಲೆಕ್ಕದಲ್ಲಿ ಕಂಪನದ ಅಂಕಿಯನ್ನು ಅದರಿಂದಲೇ ಗುಣಿಸುವುದರಿಂದ ಸಣ್ಣ ಅಂತರವೂ ದೊಡ್ಡದಾಗುತ್ತದೆ: ಹಿಡಿಕೆಯಲ್ಲಿ 3.5 ತೋರಿಸುವ ಗರಗಸ ಸುಮಾರು ನಾಲ್ಕು ಗಂಟೆಯಲ್ಲಿ ಆ ಮೊದಲ ಗೆರೆಯನ್ನು ಮುಟ್ಟಿದರೆ, 5 ತೋರಿಸುವುದು ಎರಡೇ ಗಂಟೆಯಲ್ಲಿ ಮುಟ್ಟುತ್ತದೆ. ಬೆರಳುಗಳು ಬಿಳಿಚಿ ಮರಗಟ್ಟುವ ಕಾಯಿಲೆ ವರ್ಷಗಳ ದುಡಿತದ ನಂತರ ಬರುವಂಥದ್ದು, ಬಂದ ಮೇಲೆ ಪೂರ್ತಿ ಗುಣವಾಗುವ ಭರವಸೆಯಿಲ್ಲ. ಆದಕಾರಣ ಮುಂದಿನ ಮತ್ತು ಹಿಂದಿನ ಹಿಡಿಕೆಗಳೆರಡರ ಅಂಕಿಗಳನ್ನೂ ಕೈಪಿಡಿಯಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ. ಎರಡು ಕೊಯ್ತದಲ್ಲಿ ಒಂದು ಸೆಕೆಂಡಿನ ಅಂತರವಿರುವ ಗರಗಸಗಳಲ್ಲಿ ಕಡಿಮೆ ನಡುಗುವುದನ್ನೇ ನಾನು ಆರಿಸುತ್ತೇನೆ.

ಉಳಿದವು ಚಿಕ್ಕ ಸಂಗತಿಗಳು. ಬಾರಿನ ನಟ್ಟುಗಳು ಮುಚ್ಚಳದಲ್ಲೇ ಸಿಕ್ಕಿಕೊಂಡಿರುತ್ತವೆಯೇ, ಏರ್ ಫಿಲ್ಟರನ್ನು ಕೈಗವಸು ಹಾಕಿಕೊಂಡೇ ತೆಗೆಯಬಹುದೇ, ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂತಿದೆಯೆಂದು ಕಣ್ಣಿಗೆ ಕಾಣುತ್ತದೆಯೇ ಎಂದು ನೋಡಿ. ಚೈನ್ ಬ್ರೇಕನ್ನು ಪ್ರತಿ ಗರಗಸದಲ್ಲೂ ಹಾಕಿ ಬಿಟ್ಟು ಪರೀಕ್ಷಿಸಿ. ಡೀಲರ್ ಬಳಿ ಹೋದಾಗ ಕ್ಲಚ್ ಡ್ರಮ್ಮು, ಅದರ ಬೇರಿಂಗು, ಪೆಟ್ರೋಲ್ ಫಿಲ್ಟರು ಮತ್ತು ಸ್ಟಾರ್ಟರ್ ಸ್ಪ್ರಿಂಗು ಇವತ್ತೇ ಕೈಗೆ ಸಿಗುತ್ತವೆಯೇ ಎಂದು ಕೇಳಿ. 45 ಸೆಂಟಿಮೀಟರ್ ಬಾರನ್ನು ಗಟ್ಟಿ ಮರದಲ್ಲಿ ದಿನವೂ ಪೂರ್ತಿ ಮುಳುಗಿಸುವ ಕೆಲಸ ನಿಮ್ಮದಾಗಿದ್ದರೆ, 50 ಸಿಸಿಯಲ್ಲಿ ಯಾವುದು ಮೇಲು ಎಂದು ಹುಡುಕುವುದನ್ನು ಬಿಟ್ಟು, 60 ಸಿಸಿಯ ಎರಡು ಗರಗಸಗಳನ್ನು ತಂದು ಇದೇ ಪರೀಕ್ಷೆಯನ್ನು ಮೊದಲಿನಿಂದ ನಡೆಸಿ.