ಸಿನಿಮಾ ಕತ್ತಿಗೆ ದುಡ್ಡು ಸುರಿಯುವ ಮುನ್ನ

‘ಸಿನಿಮಾದಲ್ಲಿದ್ದ ಅದೇ ಕತ್ತಿ’ ಎಂದು ಜಾಹೀರಾತು ಹೇಳಿದರೆ, ಯಾವ ಕತ್ತಿ ಎಂದು ಮೊದಲು ಕೇಳಿ. 2001ರಿಂದ 2003ರ ನಡುವೆ ಬಂದ ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗೆ ನ್ಯೂಜಿಲೆಂಡಿನ ವೆಟಾ ವರ್ಕ್‌ಶಾಪ್ ಮುಖ್ಯ ಕತ್ತಿಗಳನ್ನು ಒಂದಕ್ಕಿಂತ ಹೆಚ್ಚು ರೂಪದಲ್ಲಿ ಮಾಡಿತ್ತು. ಕ್ಯಾಮೆರಾ ಹತ್ತಿರ ಬರುವ ದೃಶ್ಯಗಳಿಗೆ ಕತ್ತಿ ತಯಾರಕ ಪೀಟರ್ ಲಯಾನ್ ಸ್ಪ್ರಿಂಗ್ ಸ್ಟೀಲಿನಲ್ಲಿ ಮಾಡಿದ್ದು ಒಂದು. ಹೊಡೆದಾಟಕ್ಕೆ ಹಗುರ ಅಲ್ಯೂಮಿನಿಯಂ ಅಲಗಿನದು ಇನ್ನೊಂದು. ಬೀಳುವ, ಕುದುರೆ ಓಡಿಸುವ ದೃಶ್ಯಗಳಿಗೆ ರಬ್ಬರಿನಂಥ ಯುರೆಥೇನಿನದು ಮತ್ತೊಂದು. ಅಂಗಡಿಯಲ್ಲಿ ಸಿಗುವ, ಸ್ಟುಡಿಯೊದಿಂದ ಲೈಸೆನ್ಸ್ ಪಡೆದು ಮಾಡಿದ ಪ್ರತಿಕೃತಿ ಈ ಮೂರರಲ್ಲಿ ಯಾವುದೂ ಅಲ್ಲ. ಮೊದಲನೆಯದರ ಆಕಾರ ಎತ್ತಿಕೊಂಡು, ಗೋಡೆಗೆ ಹಾಕಲೆಂದು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದ ನಾಲ್ಕನೇ ಜಾತಿ ಅದು.

ಲೈಸೆನ್ಸಿಗೆ ಕೊಡುವ ದುಡ್ಡು ಆಕಾರಕ್ಕೆ ಹೋಗುತ್ತದೆ, ಉಕ್ಕಿಗಲ್ಲ. ಸ್ಟುಡಿಯೊಗೆ ಸಲ್ಲುವ ಪಾಲು, ಮೂಲ ಕತ್ತಿಯಿಂದಲೋ ನಕ್ಷೆಯಿಂದಲೋ ತೆಗೆದ ಅಚ್ಚು, ಅಲಗಿನ ಮೇಲಿನ ಬರಹ ತಪ್ಪಿಲ್ಲದಿರುವುದು, ಗೋಡೆ ಹಲಗೆ, ಪ್ರಮಾಣಪತ್ರ ಎಲ್ಲ ಸೇರಿ ಆ ಬೆಲೆ. ಅಗ್ಗದ ನಕಲಿಯಲ್ಲಿ ಮೊದಲು ಕೆಡುವುದೂ ಇವೇ. ‘ಲಾರ್ಡ್ ಆಫ್ ದಿ ರಿಂಗ್ಸ್’ನ ಆಂದುರಿಲ್ ಎಂಬ ಕತ್ತಿಯ ಅಲಗಿನ ಮೇಲಿನ ರೂನ್ ಲಿಪಿಯ ಅಕ್ಷರಗಳು ಅಸ್ಪಷ್ಟವಾಗಿರುತ್ತವೆ, ಅಲಗಿಗೂ ಹಿಡಿಗೂ ನಡುವಿನ ಅಡ್ಡಪಟ್ಟಿ ದಪ್ಪಗಾಗುತ್ತದೆ, ಹಿಡಿಗೆ ಚರ್ಮದ ಬದಲು ರೆಕ್ಸಿನ್ ಬರುತ್ತದೆ, ಹಿಡಿಯ ತುದಿಯ ಗುಂಡಿನ ಮೇಲೆ ಅಚ್ಚಿನ ಗೆರೆ ಹಾಗೇ ಉಳಿದಿರುತ್ತದೆ. ಸಿನಿಮಾವನ್ನು ಹತ್ತು ಸಲ ನೋಡಿದವರ ಕಣ್ಣಿಗೆ ಇದು ದಿನಾ ಚುಚ್ಚುತ್ತದೆ. ಅಂಥವರಿಗೆ ಗೋಡೆಗಾಗಿ ಲೈಸೆನ್ಸ್ ಪ್ರತಿಯೇ ಸರಿ. ಬೀಸಿ ನೋಡಬೇಕು, ಕತ್ತಿವರಸೆ ಕಲಿಯಬೇಕು ಅನ್ನುವವರಿಗೆ ಅದೇ ದುಡ್ಡಿನಲ್ಲಿ ಹೆಸರಿಲ್ಲದ, ಒಳ್ಳೆಯ ಉಕ್ಕಿನ ಕತ್ತಿ ಸಿಗುತ್ತದೆ.

ವಿವರ ಓದುವ ಬಗೆ

ಮಾರಾಟದ ಪುಟದಲ್ಲಿ ಮೊದಲು ಉಕ್ಕಿನ ಸಂಖ್ಯೆ ಹುಡುಕಿ. 420, 440 ಎಂದಿದ್ದರೆ ಅದು ಸ್ಟೇನ್‌ಲೆಸ್, ಗೋಡೆಗೆ. 1060, 1075, 1095, 5160, 6150, ಇಎನ್45 ಎಂದಿದ್ದರೆ ಕಾರ್ಬನ್ ಅಥವಾ ಸ್ಪ್ರಿಂಗ್ ಸ್ಟೀಲ್, ಹದ ಸರಿಯಾಗಿದ್ದರೆ ಬೀಸಲು ಬರುತ್ತದೆ. ಇಎನ್45 ಎಂದರೆ ವಾಹನಗಳ ಕಮಾನು ಪಟ್ಟಿಗೆ ಬಳಸುವ ಉಕ್ಕು. ಊರ ಕಮ್ಮಾರ ಮಚ್ಚು ಬಡಿಯಲು ಹಳೇ ಲಾರಿಯ ಪಟ್ಟಿಯನ್ನೇ ಹುಡುಕುವುದು ಸುಮ್ಮನೆ ಅಲ್ಲ. ಬಗ್ಗಿ ಮತ್ತೆ ನೆಟ್ಟಗಾಗುವ ಗುಣ ಅದಕ್ಕಿದೆ. ಸಂಖ್ಯೆಯೇ ಇಲ್ಲದೆ ‘ಹೈ ಕ್ವಾಲಿಟಿ ಸ್ಟೀಲ್’ ಎಂದಷ್ಟೇ ಬರೆದಿದ್ದರೆ ಸ್ಟೇನ್‌ಲೆಸ್ ಎಂದೇ ತಿಳಿಯಿರಿ. ‘ಬ್ಯಾಟಲ್ ರೆಡಿ’ ಎಂಬ ಮಾತಿಗೆ ಯಾವ ಮಾನದಂಡವೂ ಇಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು. ‘ಡಮಾಸ್ಕಸ್’ ಎಂದಿದ್ದರೆ ಪದರ ಬೆಸೆದದ್ದೋ, ಮೇಲೆ ಆಸಿಡ್‌ನಲ್ಲಿ ಬರೆದ ಚಿತ್ತಾರವೋ ಎಂದು ಕೇಳಿ. ಉತ್ತರ ತಡವಾದರೆ ಅದೇ ಉತ್ತರ.

ಅಡುಗೆಮನೆಯ ಚಾಕುವಿಗೆ ಸ್ಟೇನ್‌ಲೆಸ್ ಒಗ್ಗುತ್ತದೆ, ಮೂರಡಿ ಅಲಗಿಗೆ ಏಕೆ ಒಗ್ಗುವುದಿಲ್ಲ? ಉದ್ದ ಹೆಚ್ಚಿದಷ್ಟೂ ಏಟಿನ ಹೊತ್ತಿಗೆ ಅಲಗು ಬಗ್ಗಿ ಮರಳಬೇಕು. 420ರಂಥ ಉಕ್ಕನ್ನು ಆ ಉದ್ದದಲ್ಲಿ ಗಟ್ಟಿ ಮಾಡಿದರೆ ಸೀಳುತ್ತದೆ, ಮೆತ್ತಗೆ ಬಿಟ್ಟರೆ ಬಗ್ಗಿದಲ್ಲೇ ನಿಲ್ಲುತ್ತದೆ. ಕೆಲಸದ ಕತ್ತಿಗಳನ್ನು ಸಾಮಾನ್ಯವಾಗಿ ಗಡಸುತನ ಹೇಳುವ ರಾಕ್‌ವೆಲ್ ಸಿ ಅಳತೆಯಲ್ಲಿ 48ರಿಂದ 52ರ ಆಸುಪಾಸಿಗೆ ಹದ ಮಾಡುತ್ತಾರೆ. ಆ ಅಂಕಿ ವಿವರದಲ್ಲಿದ್ದರೆ ಮಾರುವವರಿಗೆ ತಾವು ಮಾರುವುದೇನೆಂದು ಗೊತ್ತಿದೆ ಎಂದರ್ಥ.

ಉಕ್ಕಿಗಿಂತ ದೊಡ್ಡ ಅಪಾಯ ಹಿಡಿಯೊಳಗೆ ಅಡಗಿರುತ್ತದೆ. ಅಲಗಿನ ಬುಡದಿಂದ ಹಿಡಿಯೊಳಕ್ಕೆ ಹೋಗುವ ಬಾಲಕ್ಕೆ ಟ್ಯಾಂಗ್ ಎನ್ನುತ್ತಾರೆ. ಒಳ್ಳೆಯ ಕತ್ತಿಯಲ್ಲಿ ಅದು ಅಲಗಿನದೇ ಮುಂದುವರಿಕೆ, ಅಗಲವಾಗಿ ಬಂದು ತುದಿಯ ಗುಂಡಿನಲ್ಲಿ ಬಡಿದು ಕೂತಿರುತ್ತದೆ ಇಲ್ಲವೇ ಬಿಗಿಯಾಗಿ ನಟ್ ಹಾಕಿರುತ್ತದೆ. ಅಲಂಕಾರದ ಕತ್ತಿಗಳಲ್ಲಿ ಅನೇಕ ಸಲ ಅಲಗಿನ ಬುಡಕ್ಕೆ ಬೆರಳಿಗಿಂತ ಸಣ್ಣ, ಸ್ಕ್ರೂ ಗೆರೆಯ ಸರಳನ್ನು ವೆಲ್ಡ್ ಮಾಡಿರುತ್ತಾರೆ. ಇಲಿಬಾಲ ಎಂದು ಇದಕ್ಕೆ ಅಡ್ಡಹೆಸರು. ಬೀಸಿದಾಗ ಬಲವೆಲ್ಲ ಬಂದು ಕೂರುವುದು ಅಡ್ಡಪಟ್ಟಿಯ ಹತ್ತಿರ. ವೆಲ್ಡಿನ ಬಿಸಿಗೆ ಹದ ಕೆಟ್ಟಿರುವುದೂ ಅಲ್ಲೇ. ಯಾವುದಕ್ಕೂ ತಗಲದೆ, ಬರೀ ಗಾಳಿಯಲ್ಲಿ ಜೋರಾಗಿ ಬೀಸಿದರೂ ಅದು ಮುರಿಯಬಹುದು. ಆಗ ಅಲಗು ಹೋಗುವ ದಿಕ್ಕು ನಿಮ್ಮ ಕೈಯಲ್ಲಿರುವುದಿಲ್ಲ. ಗೋಡೆಯ ಕತ್ತಿಯನ್ನು ಫೋಟೊಗೆ ಹಿಡಿಯಬಹುದು, ಬೀಸಬಾರದು. ಟ್ಯಾಂಗ್ ಎಷ್ಟು ಅಗಲ, ವೆಲ್ಡ್ ಇದೆಯೇ, ಹಿಡಿ ಬಿಚ್ಚಿದ ಫೋಟೊ ಇದೆಯೇ ಎಂದು ಮಾರುವವರಿಗೆ ಬರೆದು ಕೇಳಿ.

ಪೆಟ್ಟಿಗೆ ಬಿಚ್ಚಿದ ಮೇಲೆ

ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಅಂಟುವುದಿಲ್ಲ ಎಂಬ ನಂಬಿಕೆ ಅಡುಗೆಮನೆ ಪಾತ್ರೆಗಳಿಂದ ಬಂದದ್ದು, ಅದೂ 304ರಂಥ ಬಗೆಗಳಿಗೆ ಮಾತ್ರ ಸರಿ. 420 ಮತ್ತು 440ಕ್ಕೆ ಚೆನ್ನಾಗಿಯೇ ಅಂಟುತ್ತದೆ. ಹಾಗಾಗಿ ಅಲಗಿನ ಮೇಲೆ ಈ ಪರೀಕ್ಷೆ ವ್ಯರ್ಥ. ಅಡ್ಡಪಟ್ಟಿ, ಗುಂಡಿನ ಮೇಲೆ ಮಾಡಿ. ಅಂಟಿದರೆ ಒಳಗೆ ಉಕ್ಕು, ಅಂಟದಿದ್ದರೆ ಹೆಚ್ಚಾಗಿ ಸತುವಿನ ಮಿಶ್ರಲೋಹ ಅಥವಾ ಹಿತ್ತಾಳೆ. ಅಚ್ಚಿಗೆ ಹೊಯ್ದ ಸತುವಿನ ಭಾಗ ನೋಡಲು ಚೆಂದ, ಆದರೆ ಕೆಳಗೆ ಬಿದ್ದರೆ ಪಿಂಗಾಣಿಯಂತೆ ಚೂರು ಹಾರುತ್ತದೆ.

ಆಮೇಲೆ ತೂಕ. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಎರಡು ಕೈಯಲ್ಲಿ ಹಿಡಿಯುತ್ತಿದ್ದ ಐತಿಹಾಸಿಕ ಯುರೋಪಿಯನ್ ಕತ್ತಿಗಳು ಹೆಚ್ಚಾಗಿ 1.1ರಿಂದ 1.8 ಕಿಲೊ ತೂಗುತ್ತವೆ. ಸಿನಿಮಾ ಪ್ರತಿಕೃತಿಗಳು ಇದನ್ನು ಸುಲಭವಾಗಿ ದಾಟುತ್ತವೆ. ಕಾರಣ ತಿಳಿಯಲು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಲಗಿನ ದಪ್ಪವನ್ನು ಬುಡದಲ್ಲೊಮ್ಮೆ, ಮೊನೆಗೆ 5 ಸೆಂಟಿಮೀಟರ್ ಇರುವಾಗ ಇನ್ನೊಮ್ಮೆ ಅಳೆಯಿರಿ. ಕೆಲಸದ ಅಲಗು ಬುಡದಲ್ಲಿ 5–7 ಮಿಲಿಮೀಟರ್ ಇದ್ದು ಮೊನೆಯ ಕಡೆಗೆ 2–3ಕ್ಕೆ ಇಳಿಯುತ್ತದೆ. ಎರಡೂ ಕಡೆ ಒಂದೇ ಅಂಕಿ ಬಂದರೆ ಅದು ತಗಡು ಕತ್ತರಿಸಿ ಮಾಡಿದ ಅಲಗು. ಮೊನೆ ಭಾರವಾಗಿ ಕೈ ಬೇಗ ಸೋಲುತ್ತದೆ. ಅಲಗನ್ನು ಅಡ್ಡಲಾಗಿ ಒಂದು ಬೆರಳ ಮೇಲೆ ಇಟ್ಟು ಎಲ್ಲಿ ತೂಗಿ ನಿಲ್ಲುತ್ತದೆ ನೋಡಿ. ಅಡ್ಡಪಟ್ಟಿಯಿಂದ 8–15 ಸೆಂಟಿಮೀಟರ್ ಒಳಗಿದ್ದರೆ ಕೈಗೆ ಒಗ್ಗುವ ಕತ್ತಿ. 20 ದಾಟಿದರೆ ಕೈಯಲ್ಲಿ ಹಾರೆ ಹಿಡಿದಂತೆ.

ಕೊನೆಗೆ ಹಿಡಿಯನ್ನು ಒಂದು ಕೈಯಲ್ಲಿ ಸಡಿಲವಾಗಿ ಹಿಡಿದು, ಇನ್ನೊಂದು ಅಂಗೈಯಿಂದ ಗುಂಡಿಗೆ ಮೆಲ್ಲಗೆ ತಟ್ಟಿ. ಅಲಗು ನಡುಗಿ ಸುಮ್ಮನಾಗಬೇಕು. ಟಕ್ ಎಂದು ಒಳಗಿನಿಂದ ಸದ್ದು ಬಂದರೆ ಟ್ಯಾಂಗ್ ಸಡಿಲ. ಗುಂಡಿನ ನಟ್ ಬಿಗಿ ಮಾಡಿದರೆ ಕೆಲವು ಸಲ ಸರಿಹೋಗುತ್ತದೆ. ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ವಾಪಸು ಕಳಿಸಿ. ಇದೆಲ್ಲ ಮುಗಿಯುವವರೆಗೆ ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್ ಎಸೆಯಬೇಡಿ. ಮುಂದೆ ಮಾರುವಾಗಲೂ ಪೆಟ್ಟಿಗೆ, ಪ್ರಮಾಣಪತ್ರ ಇಲ್ಲದ ಪ್ರತಿಗೆ ಬೆಲೆ ಇಳಿಯುತ್ತದೆ. ‘ಲಿಮಿಟೆಡ್ ಎಡಿಶನ್’ ಎಂದು ಬರೆದು ಕ್ರಮಸಂಖ್ಯೆ ಕೊಡದ ಪ್ರತಿಗೆ ಹೆಚ್ಚು ದುಡ್ಡು ಕೊಡಲು ಕಾರಣವಿಲ್ಲ.

ಯಾವುದಕ್ಕೆ ಎಷ್ಟು

ಅಮೆರಿಕದ ಯುನೈಟೆಡ್ ಕಟ್ಲರಿಯ ಆಂದುರಿಲ್ ಲೈಸೆನ್ಸ್ ಇರುವ ಗೋಡೆ ಕತ್ತಿಗೆ ಮಾದರಿ: ಒಟ್ಟು ಉದ್ದ ಸುಮಾರು 134 ಸೆಂಟಿಮೀಟರ್, ಸ್ಟೇನ್‌ಲೆಸ್ ಅಲಗು, ಜೊತೆಗೆ ಗೋಡೆ ಹಲಗೆ. ಒರೆ ಬೇರೆಯಾಗಿ ಕೊಳ್ಳಬೇಕು, ಬಜೆಟ್ ಹಾಕುವಾಗ ಇದು ಮರೆತುಹೋಗುತ್ತದೆ. ಮನೆಯಲ್ಲಿ ಅಷ್ಟುದ್ದದ ಖಾಲಿ ಗೋಡೆ ಇಲ್ಲದವರಿಗೆ ಅದೇ ಕಂಪನಿಯ ಸ್ಟಿಂಗ್, ಅದೇ ಚಿತ್ರಗಳ ಪುಟ್ಟ ಕತ್ತಿ, ಸುಮಾರು 56 ಸೆಂಟಿಮೀಟರಿನದು, ಜಾಣ ಆಯ್ಕೆ. ಅಲಗು ಚಿಕ್ಕದಿದ್ದಷ್ಟು ಸ್ಟೇನ್‌ಲೆಸ್‌ನ ದೋಷವೂ ಕಡಿಮೆ.

ಆಕಾರ ಮತ್ತು ಉಕ್ಕು ಎರಡೂ ಕೂಡಿಬರುವುದು ಅಪರೂಪ. 1982ರ ‘ಕೋನನ್ ದಿ ಬಾರ್ಬೇರಿಯನ್’ ಚಿತ್ರದ ಕತ್ತಿಗಳನ್ನು ರಾನ್ ಕಾಬ್ ವಿನ್ಯಾಸ ಮಾಡಿದ್ದರು, ಜೋಡಿ ಸ್ಯಾಮ್ಸನ್ ತಯಾರಿಸಿದ್ದರು. ಮುಂದೆ ಅಮೆರಿಕದ ವಿಸ್ಕಾನ್ಸಿನ್‌ನ ಕತ್ತಿ ತಯಾರಿಸುವ ಆಲ್ಬಿಯನ್ ಸಂಸ್ಥೆ ಸ್ಯಾಮ್ಸನ್ ಜೊತೆಗೂಡಿ ಇವುಗಳ ಲೈಸೆನ್ಸ್ ಪ್ರತಿಗಳನ್ನು ಕಾರ್ಬನ್ ಸ್ಟೀಲಿನಲ್ಲೇ ಮಾಡಿತು. ಬೆಲೆ ಸಾವಿರ ಡಾಲರ್ ದಾಟಿದರೂ ಅಲ್ಲಿ ದುಡ್ಡು ಕೆಲಸಕ್ಕೇ ಹೋಗಿದೆ. ಹಾಗಂತ ಅದು ಹಗುರವೆಂದುಕೊಳ್ಳಬೇಡಿ. ವಿನ್ಯಾಸವೇ ಅಗಲ, ದಪ್ಪ. ಸಾಮಾನ್ಯ ಯುದ್ಧದ ಕತ್ತಿಯ ಸುಮಾರು ಎರಡು ಪಟ್ಟು ತೂಕ.

ಇವೆರಡರ ನಡುವಿನ ಹಂತದಲ್ಲಿ ಭಾರತದ ಹೆಸರೇ ಬರುತ್ತದೆ. 1943ರಲ್ಲಿ ಶುರುವಾದ ಡೆಹ್ರಾಡೂನಿನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್, ಅಮೆರಿಕದ ಮ್ಯೂಸಿಯಂ ರೆಪ್ಲಿಕಾಸ್ ಮೂಲಕ ಹೈ ಕಾರ್ಬನ್ ಸ್ಟೀಲಿನ ಕತ್ತಿಗಳನ್ನು ಮಾರುತ್ತದೆ. ಕೈಗೆ ಹಿಡಿಯುವ ಆಸೆ ಇರುವವರು ಮೊದಲು ನೋಡಬೇಕಾದ್ದು ಈ ಹಂತವನ್ನು.

ಕಾನೂನು, ಕಸ್ಟಮ್ಸ್

ಭಾರತದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯ ಐದನೇ ವರ್ಗದಲ್ಲಿ ಕತ್ತಿಗಳೂ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಆಯುಧಗಳೂ ಬರುತ್ತವೆ. ಕೃಷಿಗೆ, ಮನೆಗೆಲಸಕ್ಕೆ ಮಾಡಿದವು ಹೊರತು. ಬಾಯಿ ಮೊಂಡಾಗಿದೆ, ಸಿನಿಮಾ ಕತ್ತಿ ಎಂಬ ವಾದ ನಿಮ್ಮದಾಗಿರಬಹುದು, ಠಾಣೆಯಲ್ಲಿ ಅದನ್ನು ಒಪ್ಪಿಸುವ ಕಷ್ಟವೂ ನಿಮ್ಮದೇ. ತಲವಾರಿನಲ್ಲಿ ಕೇಕ್ ಕತ್ತರಿಸಿ, ವಿಡಿಯೊ ಹಾಕಿ, ಕೇಸು ಹಾಕಿಸಿಕೊಂಡವರ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ವಿದೇಶದಿಂದ ತರಿಸಿದರೆ ಸುಂಕ ಪಟ್ಟಿಯ 9307ರಲ್ಲಿ ಕತ್ತಿಗಳು ಬರುತ್ತವೆ, ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ತಡೆಹಿಡಿಯುವ ಸಾಧ್ಯತೆ ನಿಜ. ‘ಅಲಂಕಾರಿಕ ವಸ್ತು’ ಎಂದು ಸುಳ್ಳು ಬರೆಸಿದರೆ ತಪ್ಪು ಎರಡಾಗುತ್ತದೆ. ಆರ್ಡರ್ ಮಾಡುವ ಮೊದಲೇ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವಿಚಾರಿಸಿ, ಮುಟ್ಟುಗೋಲಾದರೆ ದುಡ್ಡು ವಾಪಸು ಉಂಟೇ ಎಂದು ಮಾರುವವರಿಂದ ಬರಹದಲ್ಲಿ ಪಡೆಯಿರಿ. ಕಾಸ್‌ಪ್ಲೇಗೆ, ಅಂದರೆ ಪಾತ್ರದ ವೇಷ ತೊಡುವುದಕ್ಕೆ, ಬೇಕಿದ್ದರೆ ಲೋಹದ ಕತ್ತಿಯ ಯೋಚನೆಯೇ ಬೇಡ, ಹಗುರವಾದ ಇವಿಎ ಫೋಮಿನದು ಮಾಡಿಸಿಕೊಳ್ಳಿ.

ಗೋಡೆಗೆ, ಎಣ್ಣೆಗೆ

ಹಲಗೆಯೊಂದಿಗೆ ಬರುವ ಸಣ್ಣ ಮೊಳೆಗಳನ್ನು ಪಕ್ಕಕ್ಕಿಡಿ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ 8 ಮಿಲಿಮೀಟರ್ ಪ್ಲಗ್, 50 ಮಿಲಿಮೀಟರ್ ಸ್ಕ್ರೂ, ಕನಿಷ್ಠ ಎರಡು. ಪ್ಲಾಸ್ಟರ್ ಮಾತ್ರ ಹಿಡಿದ ಪ್ಲಗ್ ಒಂದು ದಿನ ಕತ್ತಿ ಸಮೇತ ಕಿತ್ತುಬರುತ್ತದೆ, ತೂತು ಇಟ್ಟಿಗೆಗೆ ಮುಟ್ಟಬೇಕು. ಅಮೆರಿಕದ ಮನೆಗಳಲ್ಲಿರುವವರು ಜಿಪ್ಸಮ್ ಬೋರ್ಡಿಗೆ ನೇತುಹಾಕಬೇಡಿ, ಒಳಗಿನ ಮರದ ಸ್ಟಡ್ ಹುಡುಕಿ. ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತದೆ. ಮಂಚ, ಸೋಫಾ ಮೇಲ್ಗಡೆ ಬೇಡ.

ಮಂಗಳೂರು, ಕಾರವಾರದ ಕಡೆಯ ಗಾಳಿಯಲ್ಲಿ ಸ್ಟೇನ್‌ಲೆಸ್‌ಗೂ ಬೆರಳ ಗುರುತಿನ ಜಾಗದಲ್ಲಿ ಕಂದು ಚುಕ್ಕೆ ಏಳುತ್ತದೆ. ಮುಟ್ಟಿದ ಪ್ರತಿ ಸಲ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕಾರ್ಬನ್ ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಮೂರು ಹನಿ, ಹೊಳಪು ಕಾಣುವಷ್ಟೇ, ಮಳೆಗಾಲದಲ್ಲಿ ವಾರಕ್ಕೊಮ್ಮೆ. ಕೊಬ್ಬರಿ ಎಣ್ಣೆ ಕಮಟು ಹಿಡಿದು ಅಂಟಾಗುತ್ತದೆ. ಚರ್ಮದ ಒರೆಯೊಳಗೆ ತಿಂಗಳುಗಟ್ಟಲೆ ಇಟ್ಟರೆ ಚರ್ಮ ಹೀರಿದ ತೇವ ಅಲಗಿಗೆ ತಗಲುತ್ತದೆ, ಆದ್ದರಿಂದ ಒರೆ ಪಕ್ಕದಲ್ಲಿರಲಿ. ಹಿಡಿಯ ಹಳೇ ಚಿನ್ನದ ಬಣ್ಣ ಬರೀ ಲೇಪ, ಹಿತ್ತಾಳೆ ದೀಪಕ್ಕೆ ಹಚ್ಚುವಂತೆ ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಿದರೆ ಒಂದೇ ಸಲಕ್ಕೆ ಹೋಗುತ್ತದೆ. ಸಾಣೆ ಹಿಡಿಸಲೂಬೇಡಿ. ಬರಹದ ಪಕ್ಕದ ಹೊಳಪು ಕೆಡುತ್ತದೆ, ಅಂಚೂ ನಿಲ್ಲುವುದಿಲ್ಲ, ‘ಮೊಂಡು ಕತ್ತಿ’ ಎಂಬ ವಾದವೂ ಕೈಬಿಟ್ಟು ಹೋಗುತ್ತದೆ.

ಆಯುಧಪೂಜೆಗೆ ಕಾರ್ಬನ್ ಅಲಗನ್ನು ಇಡುವವರು ಒದ್ದೆ ಅರಿಶಿನ ಕುಂಕುಮವನ್ನು ಹಿಡಿಗೆ ಹಚ್ಚಿ, ಅಲಗಿಗೆ ಬೇಡ. ನಿಂಬೆಹಣ್ಣನ್ನು ಮೊನೆಗೆ ಚುಚ್ಚಿ ರಾತ್ರಿಯಿಡೀ ಬಿಟ್ಟರೆ ಹುಳಿ ಉಕ್ಕನ್ನು ತಿಂದು, ಬೆಳಗ್ಗೆ ಹಣ್ಣಿನ ಅಳತೆಗೆ ಸರಿಯಾಗಿ ಕಪ್ಪು ಕಲೆ ಮೂಡಿರುತ್ತದೆ. 1000 ನಂಬರಿನ ನೀರುಕಾಗದಕ್ಕೆ (ಉಜ್ಜುವ ವಾಟರ್ ಪೇಪರ್) ಎಣ್ಣೆ ಹಾಕಿ ಅಲಗಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಿದರೆ ಮುಕ್ಕಾಲು ಪಾಲು ಹೋಗುತ್ತದೆ, ಆಮೇಲೆ 2000.